ಮಾವ ಕನ್ನಡಿಯಲ್ಲಿ ಹತ್ತಿದ ಬೆಟ್ಟ

ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ, ಮಾತಿನ ಮನುಷ್ಯ. ಕತ್ತರಿ ನಿಂತರೂ ಬಾಯಿ ನಿಲ್ಲುವುದಿಲ್ಲ. ಅವರ ಕಟಿಂಗ್ ಶಾಪು ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಕಿರುಗುಟ್ಟುವ ಮರದ ಮೆಟ್ಟಿಲು ಹತ್ತಿ ಒಳಗೆ ಹೋದರೆ ಎರಡು ಕುರ್ಚಿ, ಗೋಡೆಯಗಲದ ಒಂದು ಕನ್ನಡಿ, ಅದರ ಕೆಳಗೆ ಬಾಚಣಿಗೆ, ಬ್ರಷ್ಷು, ಪೌಡರ್ ಡಬ್ಬಿಗಳ ಸಾಲು. ಎದುರು ಗೋಡೆಯಲ್ಲಿ ದೊಡ್ಡದೊಂದು ಕಿಟಕಿ, ಕಿಟಕಿಯ ಕೆಳಗೆ ಕಾಯುವವರ ಬೆಂಚು. ಕಿಟಕಿಯಾಚೆ ಊರಿನ ತಾರಸಿಗಳೆಲ್ಲ ಮುಗಿದ ಮೇಲೆ ಬೆಟ್ಟ. ಕುರ್ಚಿಯಲ್ಲಿ ಕೂತವರಿಗೂ ಬೆಟ್ಟ ಬೆನ್ನ ಹಿಂದೆ, ಬೆಂಚಿನಲ್ಲಿ ಕೂತವರಿಗೂ ಬೆನ್ನ ಹಿಂದೆ. ಬೀದಿಗಿಳಿದರೆ ಹತ್ತಿ ಗೋದಾಮು ಅಡ್ಡ. ಹಾಗಾಗಿ ಬೆಟ್ಟ ನೋಡಬೇಕೆಂದರೆ ಮಾವನ ಕನ್ನಡಿಯೇ ಗತಿ.

ಅದೇನು ಜನ ಮುಗಿಬಿದ್ದು ಹೋಗುವ ಬೆಟ್ಟವಲ್ಲ. ಮೆಟ್ಟಿಲಿಲ್ಲ, ಹಿಡಿದುಕೊಳ್ಳಲು ಕಂಬಿಯಿಲ್ಲ, ಮೇಲೆ ಹೋದರೆ ಒಂದು ಲೋಟ ಟೀ ಕೊಡುವವರಿಲ್ಲ. ಬುಡದಿಂದ ನೆತ್ತಿಯವರೆಗೆ ಕಲ್ಲು, ಮುಳ್ಳು, ಮತ್ತೆ ಕಲ್ಲು. ಆದರೆ ಅದರ ಎದೆಯ ಮೇಲ್ಭಾಗದಲ್ಲಿ, ಮಧ್ಯಾಹ್ನ ಕಳೆದು ಬಿಸಿಲು ವಾಲಿದ ಮೇಲೆ, ಕಪ್ಪಗೆ ಚೌಕಾಕಾರದ ಒಂದು ಗುರುತು ಮೂಡುತ್ತದೆ. ಬೆಳಿಗ್ಗೆ ನೋಡಿದರೆ ಬರೀ ಬಂಡೆ. ಮಾವ ಅದಕ್ಕೆ ‘ಬಾಗಿಲು’ ಎಂದು ಹೆಸರಿಟ್ಟಿದ್ದರು. ಅದು ಗುಹೆ ಎನ್ನುವವರಿದ್ದರು, ಹಳೇ ಕಾಲದ ಕಾವಲು ಕೋಣೆ ಎನ್ನುವವರಿದ್ದರು, ಗಣಿ ತೋಡಿ ಬಿಟ್ಟಿದ್ದಾರೆ ಎಂದು ಆಣೆ ಮಾಡುವವರೂ ಇದ್ದರು. ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡವರು ಮಾತಾಡಲಾಗದೆ ಹುಬ್ಬಿನಲ್ಲೇ ವಾದ ಮಾಡುತ್ತಿದ್ದರಂತೆ.

ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಊಟದ ಡಬ್ಬಿ ಕೊಡಲು ಅಂಗಡಿಗೆ ಹೋಗಿದ್ದೆ. ಪರವೂರಿನ ಇಬ್ಬರು ಬೆನ್ನುಚೀಲ ಕೆಳಗಿಟ್ಟು ಕೂತಿದ್ದರು. ಮಾವ ಬೆರಳಿಗೆ ನೊರೆ ಮೆತ್ತಿಕೊಂಡು ಕನ್ನಡಿಯ ಮೇಲೆಯೇ ಗೆರೆ ಎಳೆಯುತ್ತಿದ್ದರು.

“ಇದು ಒಣಹಳ್ಳ. ಇದರೊಳಗೇ ನಡೀರಿ. ಇಗೋ ಇಲ್ಲಿ ಒಂದು ಬಂಡೆ ಇದೆ, ನಡುವೆ ಸೀಳಿದೆ. ಅದರ ಬುಡದಲ್ಲಿ ಎಡಕ್ಕೆ ತಿರುಗಿ. ಬಲಕ್ಕೆ ಮಾತ್ರ ಹೋಗ್ಬೇಡಿ, ಅಲ್ಲಿ ಬರೀ ಪೊದೆ. ಎಡಕ್ಕೆ ಕಲ್ಲಿನ ಇಳಿಜಾರು, ಅದನ್ನ ಹತ್ತಿಬಿಟ್ರೆ ಸೀದಾ ಬಾಗಿಲು.”

ಇಬ್ಬರೂ ತಲೆಯಾಡಿಸಿದರು. ಹೀಗೆ ಎಷ್ಟು ಮಂದಿಗೆ ಹೇಳಿದ್ದರೋ ಲೆಕ್ಕವಿಲ್ಲ. ಹೋಗಿ ಬಂದವರು ಮುಂದಿನ ಸಲ ಗಡ್ಡಕ್ಕೆ ಬಂದಾಗ “ಸೂಪರ್ ಮಾಮ, ನೀವು ಹೇಳಿದ ಹಾಗೇ ಇತ್ತು” ಎನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಸಿ ಕಟಿಂಗಿನ ಕಡೆಗೆ ತಿರುಗುತ್ತಿದ್ದರು. ಬಾಗಿಲ ಒಳಗೆ ಏನಿತ್ತು ಎಂದು ಮಾವ ಕೇಳಿದರೆ ಒಬ್ಬೊಬ್ಬರೂ ಏನೇನೋ ಗೊಣಗಿ ಸುಮ್ಮನಾಗುತ್ತಿದ್ದರು.

ನನಗೆ ಇದು ವಿಚಿತ್ರವೆನಿಸಿತು. ನಾನು ಕಾರು ಕಲಿಸುವ ಶಾಲೆಯಲ್ಲಿ ಕೆಲಸ ಮಾಡುವವಳು. ಎಡಕ್ಕೆ ಎಂದರೆ ಬಲಕ್ಕೆ ತಿರುಗಿಸುವವರ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂತು ಕೂತು ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಯಾರ ಮಾತನ್ನೂ ಅರ್ಧಕ್ಕೆ ಬಿಡುವ ಅಭ್ಯಾಸವಿಲ್ಲ. ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಕೇಳಿಯೇಬಿಟ್ಟೆ.

“ಮಾವ, ನೀವು ಆ ಬೆಟ್ಟಕ್ಕೆ ಹೋಗಿದ್ದು ಯಾವಾಗ?”

ಅವರಿಗೆ ಇದ್ದಕ್ಕಿದ್ದಂತೆ ಬಾಚಣಿಗೆ ತೊಳೆಯುವ ಕೆಲಸ ನೆನಪಾಯಿತು. “ಹೋಗಿದ್ದೀನಿ ಅಂತ ನಾನು ಯಾರಿಗಾದ್ರೂ ಹೇಳಿದ್ದು ಕೇಳಿದೀಯಾ?”

“ಹೋಗಿಲ್ಲ ಅಂತ ಹೇಳಿದ್ದನ್ನೂ ಕೇಳಿಲ್ಲ.”

ಅವರು ನಕ್ಕರು. ಆಮೇಲೆ ಬಾಚಣಿಗೆ ಒರೆಸುತ್ತಾ ನಿಧಾನಕ್ಕೆ ಹೇಳಿದರು. “ಯಾರೋ ಒಬ್ಬ ಕೇಳಿದ, ಕನ್ನಡಿಯಲ್ಲಿ ಕಾಣ್ತಿದ್ದದ್ದನ್ನ ಹೇಳಿದೆ. ಅವನು ಇನ್ನೊಬ್ಬನ್ನ ಕಳಿಸಿದ. ದಿನಾ ನೋಡ್ತೀನಲ್ಲ, ಒಂದೊಂದು ಕಲ್ಲೂ ಗೊತ್ತು. ಅಲ್ಲಮ್ಮಾ, ಈ ಕುರ್ಚಿಯಲ್ಲಿ ಕೂತೋರು ನನ್ನನ್ನ ಏನು ಕೇಳ್ತಾರೆ? ಗಿಡ್ಡ ಮಾಡಿ, ಕಿವಿ ಹತ್ರ ಹುಷಾರು, ಅಷ್ಟೇ. ಅದೂ ಅವರ ಮುಖಾನೇ ನೋಡ್ಕೊಂಡು. ಈ ಬೆಟ್ಟದ ವಿಷಯ ಬಂದಾಗ ಮಾತ್ರ ನನ್ನ ಮುಖ ನೋಡಿ ಮಾತಾಡ್ತಾರೆ.”

ನಾನು ಸದ್ದಿಲ್ಲದೆ ಡಬ್ಬಿ ಎತ್ತಿಕೊಂಡು ಬಂದೆ. ನನ್ನ ಬಾಯಿಗೆ ಬೀಗ ಬಿದ್ದದ್ದು ಅದೇ ಮೊದಲು ಎಂದು ನನ್ನ ಗಂಡ ಈಗಲೂ ಹಂಗಿಸುತ್ತಾನೆ.

ಮಾವನಿಗೆ ಕಂಟಕ ಬಂದದ್ದು ಗಿರಾಕಿಗಳಿಂದಲೇ. ಪಕ್ಕದ ಬೇಕರಿಯವರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು, ಅವಳ ತಮ್ಮ, ಇನ್ನೂ ಒಂದಿಬ್ಬರು ಸೇರಿ ರಜಾ ದಿನಗಳಲ್ಲಿ ನಡೆಯಲು ಹೋಗುವ ಒಂದು ಗುಂಪು ಕಟ್ಟಿಕೊಂಡಿದ್ದರು. ಈ ಸಲ ಬೆಟ್ಟಕ್ಕೆ ಎಂದು ತೀರ್ಮಾನವಾಯಿತು. ಬೇಕರಿಯವರು ಗಡ್ಡ ಮಾಡಿಸಿಕೊಂಡು ಏಳುತ್ತಾ, “ಈ ಸಲ ನೀವೇ ಮುಂದೆ ನಡೀಬೇಕು. ಇಲ್ಲ ಅಂದ್ರೆ ನಾವು ಬಿಡಲ್ಲ” ಎಂದರು. ಬೇಕರಿಯವರದು ಕಡಿಮೆ ಮಾತು. ಹಿಂದಿನ ವರ್ಷ ಹೆಂಡತಿ ತೀರಿಕೊಂಡ ಮೇಲಂತೂ ಇನ್ನೂ ಕಡಿಮೆ. ಅಂಥವರು ಬಾಯಿಬಿಟ್ಟು ಕೇಳಿದಾಗ ಮಾವನಿಗೆ ಇಲ್ಲವೆನ್ನಲು ನಾಲಿಗೆ ಹೊರಳಲಿಲ್ಲ.

ಅವತ್ತು ಮನೆಗೆ ಬಂದ ಮಾವನ ಮುಖ ಇಂಗು ತಿಂದ ಮಂಗನ ಹಾಗಿತ್ತು.

“ಹೊಟ್ಟೆನೋವು ಅನ್ನಿ,” ಎಂದರು ಅತ್ತೆ. “ನಾಳೆ ನಾನೇ ಬೇಕರಿಗೆ ಹೋಗಿ ಹೇಳ್ತೀನಿ. ನನಗೆ ಸುಳ್ಳು ಚೆನ್ನಾಗಿ ಬರುತ್ತೆ.”

ಮಾವ ತಟ್ಟೆ ಪಕ್ಕಕ್ಕೆ ಸರಿಸಿದರು. “ಬೇಡ,” ಎಂದರು. “ನನಗೂ ಒಂದು ಸಲ ಅದನ್ನ ಹತ್ರದಿಂದ ನೋಡ್ಬೇಕು. ಒಳಗೆ ಏನಿದೆ ಅಂತ ಇಷ್ಟು ಜನರನ್ನ ಕಳಿಸಿದ್ರೂ ಗೊತ್ತಾಗಲೇ ಇಲ್ಲ.”

ನಾನೂ ಹೊರಟೆ. ಮಾವ ಜಾರಿದರೆ ಹಿಡಿಯಲು ಎಂದು ಮನೆಯಲ್ಲಿ ಹೇಳಿದೆ. ನಿಜ ಹೇಳಬೇಕೆಂದರೆ ಆ ಬಾಗಿಲು ನನ್ನ ತಲೆಯನ್ನೂ ತಿನ್ನುತ್ತಿತ್ತು.

ಬಸ್ಸಿಳಿದು ಒಣಹಳ್ಳ ಹಿಡಿದಾಗ ಮಾವ ಎಲ್ಲರಿಗಿಂತ ಮುಂದಿದ್ದರು. ಹಳ್ಳ ಅವರು ಹೇಳಿದ ಹಾಗೆಯೇ ಇತ್ತು, ಅದು ಅವರಿಗೆ ಧೈರ್ಯ ಕೊಟ್ಟಿರಬೇಕು. ಆದರೆ ಕನ್ನಡಿಯಲ್ಲಿ ಬೆರಳುದ್ದವಿದ್ದ ಹಳ್ಳಕ್ಕೆ ಇಲ್ಲಿ ಮುಗಿಯುವ ಲಕ್ಷಣವೇ ಇರಲಿಲ್ಲ. ಒಂದೊಂದು ಗುಂಡುಕಲ್ಲೂ ಕುರ್ಚಿಯಷ್ಟು ದೊಡ್ಡದು, ಕಾಲಿಟ್ಟರೆ ಅಲ್ಲಾಡುವಂಥದ್ದು. ಎರಡು ಕಡೆಯ ದಂಡೆಯಿಂದ ಮುಳ್ಳುಬಳ್ಳಿ ಬಾಗಿ ಬಂದು ತೋಳು, ಕಿವಿ, ಸಿಕ್ಕಿದ್ದನ್ನೆಲ್ಲ ಗೀರುತ್ತಿತ್ತು. ದಿನವಿಡೀ ನಿಂತೇ ಕೆಲಸ ಮಾಡುವ ಮಾವನ ಕಾಲಿಗೆ ನಿಲ್ಲುವುದು ಗೊತ್ತು, ಹತ್ತುವುದು ಗೊತ್ತಿಲ್ಲ. ಮೊಣಕಾಲಿನ ಮೇಲೆ ಕೈಯೂರಿ ಏದುಸಿರು ಬಿಡುತ್ತಲೇ, “ಇಲ್ಲಿಂದ ಮುಂದೆ ಒಂದು ಬೋಳು ಮರ ಇದೆ” ಎಂದು ಹೇಳುತ್ತಿದ್ದರು. ಮರ ಇರುತ್ತಿತ್ತು. ಹಿಂದಿನಿಂದ ಬ್ಯಾಂಕಿನವಳು, “ನೋಡಿ, ಈ ಬೆಟ್ಟ ಅಂದ್ರೆ ಇವರಿಗೆ ಅಂಗೈ ಇದ್ದ ಹಾಗೆ” ಎನ್ನುತ್ತಿದ್ದಳು. ನನಗೆ ಹೆಮ್ಮೆಯೂ ಆಗುತ್ತಿತ್ತು, ಗುಟ್ಟು ಬಯಲಾದೀತೆಂಬ ಅಳುಕೂ ಆಗುತ್ತಿತ್ತು.

ಹಳ್ಳ ಮುಗಿದು ಒಂದು ಬಟ್ಟಬಯಲು ಸಿಕ್ಕಿತು. ಅಲ್ಲಿ ಮೊದಲ ಸಲ ಬೆಟ್ಟದ ಇಡೀ ಎದೆ ನಮ್ಮೆದುರು ನಿಂತಿತು. ಎಲ್ಲರೂ ಕೂತು ನೀರು ಕುಡಿದರು. ಮಾವ ಕೂರಲಿಲ್ಲ. ಮೇಲೆ ನೋಡುತ್ತಾ, ಗುರುತಿನವರ ಮನೆಗೆಂದು ಹೋಗಿ ಬೇರೆಯವರ ಬಾಗಿಲು ತಟ್ಟಿದವರ ಹಾಗೆ ತಬ್ಬಿಬ್ಬಾಗಿ ನಿಂತಿದ್ದರು.

“ಇದು ನಮ್ಮ ಬೆಟ್ಟಾನೇನಾ?” ಎಂದು ನನ್ನೊಬ್ಬಳಿಗೇ ಕೇಳುವ ಹಾಗೆ ಕೇಳಿದರು.

“ಮತ್ತೆ ಯಾರದು?”

“ಏನೋ ಬೇರೆ ಥರ ಇದೆ. ಅಂಗಡಿಯಲ್ಲೂ ಯಾವಾಗಲಾದ್ರೂ ತಿರುಗಿ ಕಿಟಕಿ ಕಡೆ ನೋಡಿದ್ರೆ ಹೀಗೇ ಅನ್ಸೋದು. ಚೆನ್ನಾಗಿ ಕಾಣ್ತಿರಲಿಲ್ಲ. ಅದಕ್ಕೇ ನೋಡ್ತಿರಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ನಿನ್ನ ಬ್ಯಾಗಲ್ಲಿ ಕನ್ನಡಿ ಇದೆಯಾ?” ಎಂದರು.

ಕಣ್ಣಿಗೆ ಧೂಳು ಬಿತ್ತೆಂದು ಎಲ್ಲರಿಗೂ ಹೇಳಿ ಅವರು ನನ್ನ ಪುಟ್ಟ ಕನ್ನಡಿ ತೆಗೆದುಕೊಂಡರು. ಬೆಟ್ಟಕ್ಕೆ ಬೆನ್ನು ತಿರುಗಿಸಿ, ಗಿರಾಕಿಗೆ ಹಿಂದಲೆ ತೋರಿಸುವಾಗ ಹಿಡಿಯುವ ಹಾಗೆ ಅದನ್ನು ಎತ್ತಿ ಹಿಡಿದರು. ಅವರ ಮುಖ ಅರಳಿತು. “ಇದು ನೋಡು ನಮ್ಮದು!” ಎಂದರು. ಅಷ್ಟು ಹೇಳಿದ್ದೇ ತಡ, ಅರಳಿದ ಮುಖ ಹಾಗೇ ಇಳಿದುಹೋಯಿತು. ನನಗೂ ಆಗಲೇ ಹೊಳೆದದ್ದು. ಕನ್ನಡಿ ನೋಡಿ ಗಾಡಿ ಹಿಂದೆ ತೆಗೆಯುವುದನ್ನು ದಿನಬೆಳಗಾದರೆ ಊರಿಗೆಲ್ಲ ಕಲಿಸುವವಳು ನಾನು. ಅಂಗಡಿಯಲ್ಲಿ ಆ ನೊರೆಯ ಗೆರೆಗಳನ್ನು ಎಷ್ಟೋ ಸಲ ನೋಡಿದ್ದರೂ ಈ ಮಂಡೆಗೆ ಹೊಳೆದಿರಲಿಲ್ಲ.

“ಎಡ ಅಂದೆ,” ಎಂದರು ಮಾವ ಪಿಸುಮಾತಿನಲ್ಲಿ. “ಇಷ್ಟು ವರ್ಷ ಎಲ್ಲರಿಗೂ ಎಡ ಅಂದೆ. ಹೋಗ್ಬೇಕಾದ್ದು ಬಲಕ್ಕೆ.”

“ಸುಮ್ಮನಿರಿ,” ಎಂದೆ ನಾನು. ಹೌದು, ಹಾಗೆ ಹೇಳಿದವಳು ನಾನೇ. “ಯಾರಿಗೂ ಗೊತ್ತಿಲ್ಲ. ಎಲ್ಲರೂ ಖುಷಿಯಾಗಿದ್ದಾರೆ. ಹೋಗಿ ಬಂದ್ಬಿಡೋಣ.”

ಸೀಳುಬಂಡೆ ಬಂತು. ಬಲಕ್ಕೆ ಸಡಿಲ ಕಲ್ಲಿನ ಇಳಿಜಾರು, ಅಲ್ಲಿ ಹೆಜ್ಜೆ ಗುರುತೇ ಇಲ್ಲ. ಎಡಕ್ಕೆ ಆಳೆತ್ತರದ ಪೊದೆ. ಆದರೆ ಆ ಪೊದೆಯ ನಡುವೆ, ನೋಡಿದರೆ, ಸವೆದು ಬೆಳ್ಳಗಾದ ಕಾಲುದಾರಿ! ಮಾವನ ಮಾತು ನಂಬಿದವರೆಲ್ಲ ಕೊಂಬೆ ಮುರಿದು, ಮೈ ತರಚಿಕೊಂಡು, ಇಲ್ಲದ ದಾರಿಯನ್ನು ತುಳಿದು ತುಳಿದು ಮಾಡಿಟ್ಟಿದ್ದರು. ಪೊದೆ ಇರುವ ಕಡೆ ಹೋಗಬೇಡಿ ಎಂದು ಮಾವ ಹೇಳಿದ್ದು ಅವರಿಗೆ ನೆನಪಿರಲಿಲ್ಲವೋ, ಪೊದೆ ಹೊಸದಾಗಿ ಬೆಳೆದಿದೆ ಎಂದುಕೊಂಡರೋ ಕಾಣೆ. ಬ್ಯಾಂಕಿನವಳ ತಮ್ಮ “ಮಾಮನ ದಾರಿ” ಎಂದು ಕೂಗಿಕೊಂಡು ಮುಂದೆ ನುಗ್ಗಿದ. ಮಾವ ತುಟಿ ಬಿಗಿಹಿಡಿದು ಹಿಂಬಾಲಿಸಿದರು. ಅವರು ಅಷ್ಟು ಹೊತ್ತು ಮಾತಾಡದೆ ಇದ್ದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ದಾರಿ ಹೋಗಿ ಹೊರಚಾಚಿದ ಒಂದು ಬಂಡೆಯ ಮೇಲೆ ನಿಂತಿತು. ಮುಂದೆ ಕಡಿದಾದ ಕೊರಕಲು. ದಾರಿ ಮುಗಿಯಿತು, ಬಾಗಿಲಿಲ್ಲ. ಯಾರೋ ಚಪ್ಪಟೆ ಕಲ್ಲುಗಳನ್ನು ಒಟ್ಟಿ ಕೂರಲು ಒಂದು ಜಗಲಿ ಮಾಡಿದ್ದರು. ನಮ್ಮವರೆಲ್ಲ ಸುತ್ತಮುತ್ತ ಕಣ್ಣಾಡಿಸಿದರು. ಯಾರೂ ಚಕಾರವೆತ್ತಲಿಲ್ಲ. “ಗಾಳಿ ಎಷ್ಟು ಚೆನ್ನಾಗಿದೆ” ಎಂದು ಒಬ್ಬರೆಂದರು. “ಸೂಪರ್” ಎಂದು ಇನ್ನೊಬ್ಬರು. ಬನ್ನಿನ ಪೊಟ್ಟಣ ಬಿಚ್ಚಿದರು. ಮಾವನ ಕಾಲಿನ ದೆಸೆಯಿಂದ ನಾವು ತಡವಾಗಿ ತಲುಪಿದ್ದೆವು, ಬಿಸಿಲು ಆಗಲೇ ವಾಲುತ್ತಿತ್ತು.

ಬೇಕರಿಯವರು ಆ ಕಲ್ಲಿನ ಜಗಲಿಯ ಒಂದು ತುದಿಯಲ್ಲಿ ಕೂತು, ಪಕ್ಕದಲ್ಲಿ ಜಾಗ ಬಿಟ್ಟಿದ್ದರು. ಮಾವನನ್ನು ಹತ್ತಿರ ಕರೆದರು.

“ನಿಮಗೆ ಒಂದು ಮಾತು ಹೇಳ್ಬೇಕಿತ್ತು,” ಎಂದರು. “ಅಂಗಡಿಯಲ್ಲಿ ಹೇಳೋಕೆ ಆಗಿರಲಿಲ್ಲ. ನಮ್ಮನೆಯವಳನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದೆ. ಆಗಲೇ ಅವಳಿಗೆ ಹುಷಾರಿರಲಿಲ್ಲ. ನಾನು ದಿನಾ ಬಾಗಿಲು ಬಾಗಿಲು ಅಂತ ಹೇಳ್ತಿದ್ದೆನಲ್ಲ, ನೋಡಲೇಬೇಕು ಅಂತ ಹಟ ಹಿಡಿದಳು. ನಿಂತು ನಿಂತು ಹತ್ತಿದ್ವಿ. ಇದೇ ಜಾಗದಲ್ಲಿ ಕೂತಿದ್ಲು. ನಿಮ್ಮಿಂದ ಅದೊಂದು ಆಸೆ ತೀರ್ತು.”

“ಬಾಗಿಲು ನೋಡಿದ್ರಾ ಅವರು?” ಎಂದು ಮಾವ ಕೇಳಿದರು.

ಬೇಕರಿಯವರು ಚಾಚುಬಂಡೆಯ ಮೂಲೆಯಲ್ಲಿದ್ದ ಒಂದು ಕಪ್ಪು ಬಂಡೆ ತೋರಿಸಿದರು. “ನಾನು ಅದನ್ನೇ ತೋರಿಸಿದೆ. ಅದೇ ತಾನೇ? ಅವಳು ಒಪ್ಪಲಿಲ್ಲ.” ಹೆಂಡತಿಯ ನೆನಪಿಗೆ ಅವರ ಮುಖದಲ್ಲಿ ಸಣ್ಣ ನಗು ಬಂತು. “ಇದೆಲ್ಲಿ ಬಾಗಿಲು, ಅಗೋ ಅಲ್ಲಿದೆ ನೋಡಿ ಅಂತ ಆ ಕಡೆ ಕೈ ತೋರಿಸಿದ್ಲು. ನಾನು ಗದರಿದೆ. ಇಷ್ಟು ವರ್ಷದಿಂದ ಬೆಟ್ಟ ನೋಡ್ತಿರೋರು ಎಡಕ್ಕೆ ಅಂದಿದಾರೆ, ನಿಂಗೇನು ಗೊತ್ತು ಅಂದೆ. ಪಾಪ, ಸುಮ್ಮನಾದಳು.”

ಅವರು ಕೈ ತೋರಿಸಿದ ಕಡೆ ನಾನೂ ಮಾವನೂ ಒಟ್ಟಿಗೇ ತಿರುಗಿದೆವು. ಕೊರಕಲಿನಾಚೆ, ಬಲಗಡೆಯ ಬಂಡೆಗೋಡೆಯಲ್ಲಿ, ಬಿಸಿಲು ಸರಿದ ಜಾಗದಲ್ಲಿ ನೆರಳು ಇಳಿಯತೊಡಗಿತ್ತು. ನೆಟ್ಟಗಿನ ಎರಡು ಅಂಚು, ಮೇಲೊಂದು ಅಡ್ಡ ಅಂಚು. ಬಾಗಿಲು. ಬೆಳಿಗ್ಗೆಯೇ ಬಂದು ಹೋದವರಿಗೆ ಅದು ಕಾಣುವಂತೆಯೇ ಇರಲಿಲ್ಲ. ನಿಂತು ನಿಂತು ಹತ್ತಿ ತಡವಾಗಿ ಬಂದ ಆ ಹೆಂಗಸಿಗೆ ಕಂಡಿತ್ತು. ಅವರು ಮಾವನ ಕನ್ನಡಿ ನೋಡಿದವರೂ ಅಲ್ಲ.

ನಾನು ಮಾವನ ತೋಳು ಹಿಡಿದೆ. ಬೇಡ ಎಂದು ಹೇಳಲು ಹಿಡಿದೆನೋ, ಹೇಳಿ ಎನ್ನಲು ಹಿಡಿದೆನೋ, ನನಗೇ ಗೊತ್ತಿಲ್ಲ. ಆ ಮನುಷ್ಯನ ಹತ್ತಿರ ಉಳಿದಿದ್ದದ್ದು ಆಸೆ ತೀರಿಸಿದೆ ಎನ್ನುವ ಒಂದು ಸಮಾಧಾನ. ಮಾವನ ಹತ್ತಿರ ಇದ್ದದ್ದು ಒಂದು ಹೆಸರು. ಬಾಯಿ ಮುಚ್ಚಿಕೊಂಡರೆ ಎರಡೂ ಉಳಿಯುತ್ತಿದ್ದವು.

“ಅವರು ಹೇಳಿದ್ದೇ ಸರಿ,” ಎಂದರು ಮಾವ.

ಬೇಕರಿಯವರಿಗೆ ಅರ್ಥವಾಗಲಿಲ್ಲ.

“ಬಾಗಿಲು ಅದೇ. ಅವರು ತೋರಿಸಿದ್ದೇ. ನಾನು ಹೇಳಿದ್ದು ತಪ್ಪು. ಕನ್ನಡಿಯಲ್ಲಿ ನೋಡಿ ಎಡ ಅಂದೆ. ನಾನು ಈ ಬೆಟ್ಟಕ್ಕೆ ಯಾವತ್ತೂ ಬಂದಿಲ್ಲ, ಇವತ್ತೇ ಮೊದಲು.” ಇದನ್ನು ಎಲ್ಲರಿಗೂ ಕೇಳುವ ಹಾಗೆ, ಗಟ್ಟಿಯಾಗಿ ಹೇಳಿದರು. ನನಗೆ ಅಳು ಬಂತು.

ಎಲ್ಲರೂ ಬನ್ನು ಕೈಯಲ್ಲೇ ಹಿಡಿದು ಕೂತಿದ್ದರು. ಮೊದಲು ಬಾಯಿಬಿಟ್ಟವಳು ಬ್ಯಾಂಕಿನವಳು. “ನಾನು ಹೋದ ವರ್ಷ ಬಂದಾಗಲೂ ಬಾಗಿಲು ಸಿಗಲಿಲ್ಲ. ನಾನೇ ಎಲ್ಲೋ ದಾರಿ ತಪ್ಪಿದೆ ಅಂದ್ಕೊಂಡೆ. ಹೇಳೋಕೆ ನಾಚಿಕೆ ಆಯ್ತು, ಅದಕ್ಕೇ ಸೂಪರ್ ಅಂದೆ.” ಇನ್ನೊಬ್ಬರು, “ನಾನೂ ಅಷ್ಟೇ” ಎಂದರು. ಬೇರೆ ದಿನವಾಗಿದ್ದರೆ ಇದನ್ನು ಕೇಳಿ ನನಗೆ ನಗು ಬರುತ್ತಿತ್ತು. ಮಾವ ಹೋಗದೆ ಹೋದವರಂತೆ ಇದ್ದರು, ಇವರೆಲ್ಲ ನೋಡದೆ ನೋಡಿದವರಂತೆ ಇದ್ದರು. ಒಬ್ಬರಾದರೂ ಬಾಗಿಲು ಸಿಗಲಿಲ್ಲವೆಂದು ಅಂಗಡಿಗೆ ಬಂದು ಜಗಳವಾಡಿದ್ದರೆ ಬೇಕರಿಯವರ ಹೆಂಡತಿ ಇಲ್ಲಿ ಸುಮ್ಮನಾಗಬೇಕಿರಲಿಲ್ಲ.

ಬೇಕರಿಯವರು ಮಾತ್ರ ಆಚೆಯ ಬಂಡೆಯನ್ನೇ ನೋಡುತ್ತಿದ್ದರು. “ಅವಳು ಹೇಳಿದ್ದೇ ಸರಿನಾ?” ಎಂದರು. ಮತ್ತೆ ಅದನ್ನೇ ಕೇಳಿದರು.

“ಹೌದು,” ಎಂದರು ಮಾವ.

ಬೇಕರಿಯವರು ಎದ್ದರು. ಮಾವನ ಕಡೆ ತಿರುಗಿಯೂ ನೋಡದೆ ಬಂದ ದಾರಿಯಲ್ಲೇ ಸರಸರ ಇಳಿದುಹೋದರು. ಮನೆಗೆ ಹೊರಟರು ಎಂದುಕೊಂಡೆವು. ಸೀಳುಬಂಡೆಯ ಹತ್ತಿರ ನಾವು ಬರುವಷ್ಟರಲ್ಲಿ ಅವರು ಬಲಗಡೆಯ ಇಳಿಜಾರಿನಲ್ಲಿ ಅರ್ಧ ಹತ್ತಿದ್ದರು, ಕೈಕಾಲು ಎರಡನ್ನೂ ಊರಿಕೊಂಡು. ಕಾಲಿಟ್ಟಲ್ಲೆಲ್ಲ ಕಲ್ಲು ಜಾರಿ ನಮ್ಮ ಮೇಲೆ ಉರುಳುತ್ತಿತ್ತು. ನಾವು ಬದಿಗೆ ಸರಿದು, ಒಬ್ಬರ ಕೈ ಒಬ್ಬರು ಹಿಡಿದು ಹತ್ತಿದೆವು. ಎರಡು ಹೆಜ್ಜೆ ಮೇಲೇರಿದರೆ ಒಂದು ಹೆಜ್ಜೆ ಕೆಳಕ್ಕೆ. ಮಾವನನ್ನು ಬ್ಯಾಂಕಿನವಳ ತಮ್ಮ ಮುಂದಿನಿಂದ ಎಳೆದ, ನಾನು ಹಿಂದಿನಿಂದ ನೂಕಿದೆ. ಈ ಮೊದಲು ಯಾರೂ ಕಾಲಿಡದ ಜಾಗವೆಂಬುದು ಪ್ರತಿ ಕಲ್ಲಿನ ಮೇಲೆ ಕಾಲಿಟ್ಟಾಗಲೂ ತಿಳಿಯುತ್ತಿತ್ತು. ಭಯವಾದರೂ, ಮೇಲೆ ಏನಿದೆಯೋ ಎನ್ನುವ ಕುತೂಹಲ ನನ್ನನ್ನು ಬಿಡಲಿಲ್ಲ. ಮಾವನನ್ನೂ ಬಿಡಲಿಲ್ಲ. ಅಂಥ ಹೊತ್ತಿನಲ್ಲೂ ಅವರು ಕತ್ತೆತ್ತಿ ಕತ್ತೆತ್ತಿ ಮೇಲೆ ನೋಡುತ್ತಿದ್ದರು.

ಬಾಗಿಲೆಂದರೆ ಬಂಡೆಯ ದೊಡ್ಡದೊಂದು ಹಲಗೆ ಯಾವ ಕಾಲದಲ್ಲೋ ಕಳಚಿ ಬಿದ್ದು ಆದ ಗೂಡು. ಎರಡಾಳೆತ್ತರ. ಒಳಗೆ ನಾಲ್ಕು ಹೆಜ್ಜೆ ಹೋದರೆ ಗೋಡೆ. ನೆಲದಲ್ಲಿ ಒಣಹುಲ್ಲು, ಹಕ್ಕಿಯ ಪುಕ್ಕ, ತಣ್ಣನೆಯ ಗಾಳಿ. ಕಾವಲು ಕೋಣೆಯೂ ಇಲ್ಲ, ಗಣಿಯೂ ಇಲ್ಲ. ಬೇಕರಿಯವರು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಅಲ್ಲಿಂದ ಕೊರಕಲಿನಾಚೆಯ ಕಲ್ಲಿನ ಜಗಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ಅದನ್ನೇ ನೋಡುತ್ತಿದ್ದರು.

ಮಾವ ಹೊಸ್ತಿಲಿನಂತಿದ್ದ ಕಲ್ಲಿನವರೆಗೆ ಬಂದು ಹೊರಗೇ ನಿಂತರು. ಆಯುಷ್ಯದ ಅರ್ಧ ನೋಡಿದ ಬಾಗಿಲು ಅದು, ಆದರೂ ಒಳಗೆ ಕಾಲಿಡಲಿಲ್ಲ. ನಾವೂ ಅವರ ಹಿಂದೆ ನಿಂತೆವು.

“ಇನ್ನು ಮೇಲೆ ಯಾರಾದ್ರೂ ದಾರಿ ಕೇಳಿದ್ರೆ ಏನು ಹೇಳ್ತೀರಿ?” ಎಂದು ಕೇಳಿದರು ಬೇಕರಿಯವರು. ದನಿಯಲ್ಲಿ ಸಿಟ್ಟು ಇನ್ನೂ ಇತ್ತು.

ಮಾವ ಕೊರಕಲಿನಾಚೆಯ ಜಗಲಿಯ ಕಡೆ ನೋಡಿದರು. “ಬೇಕರಿಯವರ ಮನೆಯವರು ಕೈ ತೋರಿಸಿದ ಕಡೆ ಹೋಗಿ ಅಂತೀನಿ.”

“ಅವರ ಗಂಡ ನಂಬಲಿಲ್ಲ ಅಂತಲೂ ಹೇಳಿ,” ಎಂದರು ಬೇಕರಿಯವರು. “ಅದನ್ನ ಬಿಟ್ಟು ಹೇಳಬೇಡಿ.”

ಮಾವ ತಲೆಯಾಡಿಸಿದರು. ಬೇಕರಿಯವರು ಒಂದು ಪಕ್ಕಕ್ಕೆ ಸರಿದು, ಅವರಿಗೂ ಒಳಗೆ ನಿಲ್ಲಲು ಜಾಗ ಮಾಡಿದರು.